ತೆರಿಗೆ ಇಳಿಯಿತು, ಖರ್ಚು ಇಳಿಯಲಿಲ್ಲ
ಅಮೆರಿಕದ ತೆರಿಗೆ, ಸರ್ಕಾರಿ ಖರ್ಚು, ಬಂದೂಕು ಕಾನೂನು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಧ್ಯಕ್ಷ ಟ್ರಂಪ್ 2025ರ ಜುಲೈ 4ರಂದು ಸಹಿ ಹಾಕಿದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಕಾಯ್ದೆಯ ಬಗ್ಗೆ ಪತ್ರಗಳು ಬರುತ್ತಲೇ ಇವೆ. ತೆರಿಗೆ, ಖರ್ಚು, ಬಂದೂಕು ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಕಾಯ್ದೆ ಅದು. ಉತ್ತರಕ್ಕೆ ಮೊದಲು ನನ್ನ ನಿಲುವನ್ನು ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷಗಳಿಂದ ನ್ಯೂಜೆರ್ಸಿಯಲ್ಲಿ ಜನರ ತೆರಿಗೆ ಲೆಕ್ಕ ಬರೆಯುತ್ತಿರುವ ನಾನು ಕನ್ಸರ್ವೇಟಿವ್ ವಿಚಾರದವನು. ಸರ್ಕಾರ ಮಿತವಾಗಿರಬೇಕು, ತೆರಿಗೆ ಕಡಿಮೆಯಿರಬೇಕು, ಕಾನೂನು ಪಾಲಿಸುವ ಪ್ರಜೆಯನ್ನು ಸರ್ಕಾರ ನಂಬಬೇಕು ಎಂದು ತಿಳಿದವನು. ಆ ಕಾರಣಕ್ಕೇ ಈ ಕಾಯ್ದೆಯ ಕೆಲವು ಭಾಗಗಳು ನನಗೆ ಸಂತೋಷ ತಂದಿವೆ, ಕೆಲವು ಬಹಳ ನೋಯಿಸಿವೆ.

ಪ್ರಶ್ನೆ: ನನ್ನ ಮಗ ಚಿಕಾಗೊದಲ್ಲಿದ್ದಾನೆ. ತಿಂಗಳಿಗೆ 500 ಡಾಲರ್ ಕಳಿಸುತ್ತಾನೆ. ಇನ್ನು ಮುಂದೆ ಅದಕ್ಕೂ ತೆರಿಗೆ ಬೀಳುತ್ತದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ನಿಜವೇ? — ನಿವೃತ್ತ ಶಿಕ್ಷಕಿ, ಮೈಸೂರು

ಚಿಂತೆ ಬೇಡ, ಅಮ್ಮ. ಮಸೂದೆಯ ಮೊದಲ ಕರಡಿನಲ್ಲಿ ಶೇ 5ರಷ್ಟು ತೆರಿಗೆ ಇತ್ತು. ಜನಪ್ರತಿನಿಧಿ ಸಭೆಯಲ್ಲಿ ಅದು ಶೇ 3.5 ಆಯಿತು, ಕಡೆಗೆ ಶೇ 1ಕ್ಕೆ ಬಂದು ನಿಂತಿತು. 2026ರ ಜನವರಿ 1ರಿಂದ ಜಾರಿಯಾಗುವ ಈ ತೆರಿಗೆ ನಗದು, ಮನಿ ಆರ್ಡರ್, ಬ್ಯಾಂಕೇ ಬರೆದುಕೊಡುವ ಕ್ಯಾಷಿಯರ್ಸ್ ಚೆಕ್‌ನಂತಹವುಗಳ ಮೂಲಕ ಕಳಿಸುವ ಹಣಕ್ಕೆ ಮಾತ್ರ. ನಿಮ್ಮ ಮಗ ಅಮೆರಿಕದ ಬ್ಯಾಂಕ್ ಖಾತೆಯಿಂದ, ಇಲ್ಲವೇ ಅಲ್ಲಿನ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನಿಂದ ಕಳಿಸಿದರೆ ಒಂದು ಸೆಂಟ್ ಕೂಡ ಕಡಿತವಾಗುವುದಿಲ್ಲ. ಅಂಗಡಿಯ ಕೌಂಟರಿನಲ್ಲಿ ನಗದು ಕೊಟ್ಟು ಕಳಿಸಿದರೆ 500 ಡಾಲರಿಗೆ 5 ಡಾಲರ್. ಅದನ್ನು ಕೊಡಬೇಕಾದವನು ಅವನು, ನೀವಲ್ಲ.

ಪ್ರಶ್ನೆ: ತೆರಿಗೆ ಕಡಿತ ಕಾಯಂ ಆಯಿತೆಂದು ಖುಷಿಪಡಬೇಕೋ, ದೇಶದ ಸಾಲ ಏರುತ್ತಿದೆಯೆಂದು ಹೆದರಬೇಕೋ ತಿಳಿಯುತ್ತಿಲ್ಲ. ಒಬಾಮ, ಬೈಡನ್ ಕಾಲದಲ್ಲಿ ಸಾಲದ ಬಗ್ಗೆ ಅಷ್ಟು ಮಾತನಾಡಿದ ನಿಮ್ಮ ಕಡೆಯವರು ಈಗ ಸುಮ್ಮನಿದ್ದಾರಲ್ಲ? — ಸಾಫ್ಟ್‌ವೇರ್ ಉದ್ಯೋಗಿ, ಡಲ್ಲಾಸ್

ನಿಮ್ಮ ಮಾತಿನಲ್ಲಿ ಹುರುಳಿದೆ. ಆದರೂ ಮೊದಲು ಆದ ಒಳ್ಳೆಯದನ್ನು ಹೇಳುತ್ತೇನೆ.

2017ರಲ್ಲಿ ಕಡಿಮೆ ಮಾಡಿದ್ದ ತೆರಿಗೆ ದರಗಳು 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಕಾಯ್ದೆ ಬರದೇ ಹೋಗಿದ್ದರೆ ನಿಮ್ಮಂತಹ ಮಧ್ಯಮ ವರ್ಗದ ದಂಪತಿಯ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಹಾಕುವ ಮೊದಲೇ ಆದಾಯದಿಂದ ಕಳೆಯುವ ಮೊತ್ತ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಬದಲಿಗೆ 2025ಕ್ಕೆ ಅದು 31,500 ಡಾಲರ್ ಆಗಿದೆ. ‘ಶ್ರೀಮಂತರಿಗಷ್ಟೇ ಲಾಭ’ ಎಂಬ ಕೂಗನ್ನು ನಾನು ಒಪ್ಪುವುದಿಲ್ಲ. ಅತಿ ಹೆಚ್ಚು ಗಳಿಸುವ ಶೇ 1ರಷ್ಟು ಜನರೇ 2022ರಲ್ಲಿ ಒಟ್ಟು ಫೆಡರಲ್ (ಕೇಂದ್ರ ಸರ್ಕಾರದ) ಆದಾಯ ತೆರಿಗೆಯ ಶೇ 40ರಷ್ಟನ್ನು ಕಟ್ಟಿದರು. ಕೆಳಗಿನ ಅರ್ಧದಷ್ಟು ಜನರ ಪಾಲು ಸುಮಾರು ಶೇ 3. ದುಡಿದವನ ಕೈಯಲ್ಲಿ ಹಣ ಉಳಿದರೆ ಅದು ಮನೆ ಕಟ್ಟುತ್ತದೆ, ಅಂಗಡಿ ತೆರೆಯುತ್ತದೆ, ಮಕ್ಕಳ ಓದಿಗೆ ಒದಗುತ್ತದೆ. ಇದು ನನ್ನ ಮೇಜಿನ ಎದುರು ಕುಳಿತವರ ಲೆಕ್ಕದಲ್ಲಿ ವರ್ಷ ವರ್ಷವೂ ನಾನು ಕಂಡದ್ದು.

ಈಗ ನೋವಿನ ಮಾತು. ನಮ್ಮ ಕನ್ನಡದ ಎಣಿಕೆಯಲ್ಲಿ ಅಮೆರಿಕದ ಲೆಕ್ಕವನ್ನು ಓದುವುದು ಸುಲಭ. 2025ರ ಹಣಕಾಸು ವರ್ಷದಲ್ಲಿ ಫೆಡರಲ್ ಸರ್ಕಾರಕ್ಕೆ ಬಂದದ್ದು ಸುಮಾರು 5.23 ಲಕ್ಷ ಕೋಟಿ ಡಾಲರ್, ಖರ್ಚಾದದ್ದು ಸುಮಾರು 7.01 ಲಕ್ಷ ಕೋಟಿ. ಒಟ್ಟು ಸಾಲ ಆ ಅಕ್ಟೋಬರ್‌ನಲ್ಲಿ 38 ಲಕ್ಷ ಕೋಟಿ ದಾಟಿತು. ‘ಕೋಟಿ’ ಎಂಬ ಪದವನ್ನು ಅಳಿಸಿ ಇನ್ನೊಮ್ಮೆ ಓದಿ. ವರ್ಷಕ್ಕೆ 5.23 ಲಕ್ಷ ದುಡಿಯುವ ಮನೆ 7.01 ಲಕ್ಷ ಖರ್ಚು ಮಾಡುತ್ತಿದೆ, ತಲೆಯ ಮೇಲೆ ಆಗಲೇ 38 ಲಕ್ಷ ಸಾಲವಿದೆ. ಬಡ್ಡಿಯೇ ವರ್ಷಕ್ಕೆ ಸುಮಾರು ಒಂದು ಲಕ್ಷ. ದುಡಿದ ಐದರಲ್ಲಿ ಹತ್ತಿರಹತ್ತಿರ ಒಂದು ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲು ಕದಲುವುದಿಲ್ಲ. ಸರ್ಕಾರ ಮನೆಯಂತಲ್ಲ, ತಾನೇ ನೋಟು ಮುದ್ರಿಸಬಲ್ಲದು ಎನ್ನುವವರಿದ್ದಾರೆ. ಮುದ್ರಿಸಿದ ನೋಟಿನ ಬೆಲೆಯನ್ನು 2022ರಲ್ಲಿ ದಿನಸಿ ಅಂಗಡಿಯಲ್ಲಿ ನಾವೆಲ್ಲರೂ ಕೊಟ್ಟಿದ್ದೇವೆ. ಆ ವರ್ಷದ ಜೂನ್‌ನಲ್ಲಿ ಹಣದುಬ್ಬರ ಶೇ 9 ದಾಟಿತ್ತು.

ಈ ಮನೆಯಲ್ಲಿ ತೆರಿಗೆ ಇಳಿಸುವುದಾದರೆ ಖರ್ಚನ್ನೂ ಇಳಿಸಬೇಕು. ಹಾಗಾಗಲಿಲ್ಲ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ನಂತಹ ಕಡೆ ಕಡಿತ ಮಾಡಿದ ಮೇಲೂ ಈ ಕಾಯ್ದೆಯಿಂದ ಹತ್ತು ವರ್ಷಗಳಲ್ಲಿ ಕೊರತೆ 3.4 ಲಕ್ಷ ಕೋಟಿ ಡಾಲರ್ ಹೆಚ್ಚುತ್ತದೆ ಎಂದು ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿತು. ಸಾಲದ ಮಿತಿಯನ್ನು ಒಂದೇ ಏಟಿಗೆ 5 ಲಕ್ಷ ಕೋಟಿ ಏರಿಸಿಕೊಂಡರು. ತೀರಿಸದ ಸಾಲವೆಂದರೆ ಮುಂದಕ್ಕೆ ಹಾಕಿದ ತೆರಿಗೆ. ನಮಗೆ ಉಳಿಸಿಕೊಟ್ಟೆವು ಎಂದು ಹೇಳಿದ ಹಣದ ಒಂದು ಭಾಗದ ಬಿಲ್ಲು ನಮ್ಮ ಮಕ್ಕಳ ಹೆಸರಿಗೆ ಹೋಗಿದೆ.

ಎಲ್ಲರೂ ಸುಮ್ಮನಿದ್ದರು ಎಂಬುದು ಮಾತ್ರ ಸರಿಯಲ್ಲ. ಕೆಂಟಕಿಯ ಸೆನೆಟರ್ ರ‍್ಯಾಂಡ್ ಪಾಲ್, ಅದೇ ರಾಜ್ಯದಿಂದ ಜನಪ್ರತಿನಿಧಿ ಸಭೆಯಲ್ಲಿದ್ದ ಥಾಮಸ್ ಮ್ಯಾಸಿ ಇಬ್ಬರೂ ಸ್ವಂತ ರಿಪಬ್ಲಿಕನ್ ಪಕ್ಷದ ಒತ್ತಡಕ್ಕೆ ಬಗ್ಗದೆ, ಸಾಲದ ಕಾರಣಕ್ಕೇ ವಿರುದ್ಧ ಮತ ಹಾಕಿದರು. ಸೆನೆಟ್‌ನಲ್ಲಿ ಮತ 50–50 ಆಗಿ, ಉಪಾಧ್ಯಕ್ಷ ವ್ಯಾನ್ಸ್ ಅವರ ಮತದಿಂದ ಮಸೂದೆ ದಾಟಿತು. ಕನ್ಸರ್ವೇಟಿವ್ ಎಂಬ ಹೆಸರಿಗೆ ಅಂದು ತಕ್ಕಂತೆ ನಡೆದವರು ಆ ಇಬ್ಬರು ಎಂದು ನಾನು ನಂಬಿದ್ದೇನೆ.

ಇನ್ನೊಂದು ಬೇಸರವಿದೆ, ಅದನ್ನು ಒಂದು ಅಡುಗೆಮನೆಯ ಉದಾಹರಣೆಯಿಂದ ತೋರಿಸುತ್ತೇನೆ. ಎಡಿಸನ್ ಪಟ್ಟಣದ ಒಂದು ಭಾರತೀಯ ಹೋಟೆಲನ್ನು ಊಹಿಸಿಕೊಳ್ಳಿ. ದೋಸೆ ಹುಯ್ಯುವವನಿಗೂ ಬಡಿಸುವವನಿಗೂ ವರ್ಷದ ಗಳಿಕೆ ತಲಾ 45,000 ಡಾಲರ್. ಇಬ್ಬರೂ ಅವಿವಾಹಿತರು. ಬಡಿಸುವವನ ಗಳಿಕೆಯಲ್ಲಿ 20,000 ಟಿಪ್ಸ್. ಹೊಸ ಕಾಯ್ದೆಯಲ್ಲಿ 2028ರವರೆಗೆ ಟಿಪ್ಸ್‌ನಲ್ಲಿ 25,000 ಡಾಲರ್‌ವರೆಗೆ ಕಳೆಯಬಹುದು. ಅದನ್ನೂ, 15,750ರ ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನೂ ಕಳೆದರೆ ಬಡಿಸುವವನಿಗೆ ಬರುವ ಫೆಡರಲ್ ಆದಾಯ ತೆರಿಗೆ ಸುಮಾರು 925 ಡಾಲರ್. ಅಷ್ಟೇ ಗಳಿಸಿ, ಕಾವಲಿಯ ಶಾಖದಲ್ಲಿ ಹತ್ತು ಗಂಟೆ ನಿಲ್ಲುವವನಿಗೆ 3,271 ಡಾಲರ್. ಬಡಿಸುವವನಿಗೆ ಸಿಕ್ಕ ಉಳಿತಾಯದ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಒಂದೇ ಗಳಿಕೆಗೆ ಒಂದೇ ತೆರಿಗೆ ಎಂಬುದು ನಮ್ಮ ಕಡೆಯವರ ಹಳೆಯ ಮಾತು. 1986ರಲ್ಲಿ ಆಗಿನ ಅಧ್ಯಕ್ಷ ರೇಗನ್ ಅವರು ದರ ಇಳಿಸುವಾಗ ಇಂತಹ ವಿನಾಯಿತಿಯ ಸಂದುಗಳನ್ನು ಮುಚ್ಚಿದರು. ಈಗ ಚುನಾವಣೆಯ ವೇದಿಕೆಯಲ್ಲಿ ಕೊಟ್ಟ ಮಾತಿಗಾಗಿ ಹೊಸ ಸಂದುಗಳನ್ನು ತೆರೆದಿದ್ದೇವೆ.

ಹಾಗಾದರೆ ಖರ್ಚನ್ನು ಎಲ್ಲಿ ಕಡಿಮೆ ಮಾಡಬೇಕು? 2025ರಲ್ಲಿ ಉದ್ಯಮಿ ಇಲಾನ್ ಮಸ್ಕ್ ಅವರ ‘ಡೋಜ್’ ತಂಡ ದುಂದುವೆಚ್ಚ ಹುಡುಕಲು ಸರ್ಕಾರದ ಕಚೇರಿ ಕಚೇರಿ ಜಾಲಾಡಿತು. ದುಂದು ಹಿಡಿಯುವುದು ಅಗತ್ಯ, ನಾನು ಬೆಂಬಲಿಸಿದೆ. ಆದರೂ 2024ರಲ್ಲಿ 6.75 ಲಕ್ಷ ಕೋಟಿಯಿದ್ದ ಒಟ್ಟು ಖರ್ಚು ಮರುವರ್ಷ 7.01ಕ್ಕೆ ಏರಿತು. ಏಕೆಂದರೆ ಹಣವಿರುವುದು ಆ ಕಚೇರಿಗಳಲ್ಲಿ ಅಲ್ಲ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ, ಹಿರಿಯರ ಆರೋಗ್ಯ ವಿಮೆ ಮೆಡಿಕೇರ್, ಸಾಲದ ಬಡ್ಡಿ, ಈ ಮೂರೇ ಒಟ್ಟು ಖರ್ಚಿನ ಸುಮಾರು ಅರ್ಧ. ಬಡ್ಡಿಯನ್ನು ಮುಟ್ಟುವಂತಿಲ್ಲ. ಉಳಿದೆರಡನ್ನು ಮುಟ್ಟುವುದಿಲ್ಲವೆಂದು ಎರಡೂ ಪಕ್ಷಗಳು ಆಣೆ ಇಟ್ಟಿವೆ. ಅತ್ತ ಟ್ರಸ್ಟಿಗಳ 2025ರ ವರದಿಯ ಪ್ರಕಾರ ಪಿಂಚಣಿ ನಿಧಿ 2033ರಲ್ಲಿ ಬರಿದಾಗುತ್ತದೆ, ಆಮೇಲೆ ಶೇ 77ರಷ್ಟು ಪಿಂಚಣಿಗೆ ಮಾತ್ರ ಹಣ ಸಾಕಾಗುತ್ತದೆ. ಇಂದು ಏನೂ ಮಾಡದಿರುವುದೇ ಅಂದಿನ ಕಡಿತ.

ದಾರಿ ಹಿಂದೊಮ್ಮೆ ತೋರಿದ್ದೇ ಇದೆ. 1983ರಲ್ಲಿ ರೇಗನ್ ಮತ್ತು ಡೆಮಾಕ್ರಟಿಕ್ ಸ್ಪೀಕರ್ ಟಿಪ್ ಓನೀಲ್ ಒಪ್ಪಂದಕ್ಕೆ ಬಂದು, ಪೂರ್ಣ ಪಿಂಚಣಿಯ ವಯಸ್ಸನ್ನು 65ರಿಂದ 67ಕ್ಕೆ ದಶಕಗಳ ಕಾಲ ನಿಧಾನವಾಗಿ ಏರಿಸಿದರು. ಯಾರ ತಟ್ಟೆಯನ್ನೂ ಅಂದೇ ಕಿತ್ತುಕೊಳ್ಳಲಿಲ್ಲ. ಈಗ ನಲವತ್ತರೊಳಗಿರುವವರಿಗೆ ಇನ್ನೊಂದೆರಡು ವರ್ಷ ಮುಂದೂಡಿ, ನನ್ನಂತೆ ಚೆನ್ನಾಗಿ ಗಳಿಸಿದವರ ಪಿಂಚಣಿ ನಿಧಾನವಾಗಿ ಬೆಳೆಯುವಂತೆ ಮಾಡಿದರೆ ಬಡ ಮುದುಕಿಯ ಚೆಕ್ಕಿಗೆ ಕೈಹಾಕುವ ದಿನ ಬರುವುದಿಲ್ಲ. ನನ್ನ ಪಾಲು ಕಡಿಮೆಯಾಗಲಿ, ನಾನು ಸಿದ್ಧ. ಕ್ಲಿಂಟನ್ ಅಧ್ಯಕ್ಷರಾಗಿ ಸಂಸತ್ತು ರಿಪಬ್ಲಿಕನ್ನರ ಕೈಯಲ್ಲಿದ್ದಾಗ 1998ರಿಂದ ಸತತ ನಾಲ್ಕು ವರ್ಷ ಬಜೆಟ್‌ನಲ್ಲಿ ಹಣ ಮಿಕ್ಕಿತ್ತು. ಇದು ಆಗದ ಕೆಲಸವಲ್ಲ.

ಪ್ರಶ್ನೆ: ತೆರಿಗೆ ಮಸೂದೆಯಲ್ಲಿ ಬಂದೂಕಿನ ಸೈಲೆನ್ಸರ್‌ಗೆ ಏನು ಕೆಲಸ? ಶಾಲೆಗಳಲ್ಲಿ ಮಕ್ಕಳು ಸಾಯುತ್ತಿರುವ ದೇಶದಲ್ಲಿ ಇದು ಯಾವ ಆದ್ಯತೆ? — ಇಬ್ಬರು ಮಕ್ಕಳ ತಾಯಿ, ಸ್ಯಾನ್ ಹೋಸೆ

ನಿಮ್ಮ ಪ್ರಶ್ನೆಯ ಹಿಂದಿರುವ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ನನ್ನ ಮಗಳೂ ಇಲ್ಲಿನ ಶಾಲೆಯಲ್ಲಿ ಮೇಜಿನಡಿ ಅವಿತುಕೊಳ್ಳುವ ತಾಲೀಮು ಮಾಡಿ ಬೆಳೆದವಳು.

ಕಥೆ 1934ರಿಂದ ಶುರುವಾಗುತ್ತದೆ. ದರೋಡೆ ಗುಂಪುಗಳ ಕಾಲ. ಮಷೀನ್ ಗನ್, ಮೋಟು ಬಂದೂಕು, ಸೈಲೆನ್ಸರ್‌ಗಳನ್ನು ನೇರವಾಗಿ ನಿಷೇಧಿಸುವ ಅಧಿಕಾರ ತನಗಿದೆಯೇ ಎಂಬ ಅನುಮಾನ ಸಂಸತ್ತಿಗಿತ್ತು. ಆದ್ದರಿಂದ 200 ಡಾಲರ್ ತೆರಿಗೆ ಹಾಕಿತು. ಅಂದಿನ 200 ಡಾಲರ್ ಸಾಮಾನ್ಯ ಕೂಲಿಯವನಿಗೆ ತಿಂಗಳುಗಳ ದುಡಿಮೆ. ಯಾರೂ ಕೊಳ್ಳಬಾರದು ಎಂಬುದೇ ಉದ್ದೇಶ. ಸುಪ್ರೀಂ ಕೋರ್ಟ್ 1937ರಲ್ಲಿ, ಇದು ತೆರಿಗೆ, ತೆರಿಗೆ ಹಾಕುವ ಅಧಿಕಾರ ಸಂಸತ್ತಿಗಿದೆ ಎಂದು ಎತ್ತಿಹಿಡಿಯಿತು. ಕೊಂಡವರಿಗೆ ಅಂಚೆಚೀಟಿಯಂತಹದೊಂದು ತೆರಿಗೆ ಚೀಟಿ ಅಂಟಿಸಿದ ಕಾಗದ ಸಿಗುತ್ತಿತ್ತು. ನನ್ನ ಕಕ್ಷಿದಾರರೊಬ್ಬರು ಅದನ್ನು ಮನೆಪತ್ರದ ಜೊತೆ ಬ್ಯಾಂಕ್ ಲಾಕರ್‌ನಲ್ಲಿ ಇಟ್ಟಿದ್ದರು.

2025ರಲ್ಲಿ ಸೈಲೆನ್ಸರ್‌ಗಳನ್ನು 1934ರ ಕಾಯ್ದೆಯಿಂದಲೇ ತೆಗೆಯಲು ಹೊರಟರು. ಬಜೆಟ್ ಮಸೂದೆಯಲ್ಲಿ ಹಣಕಾಸಿಗೆ ಸಂಬಂಧಿಸದ ನೀತಿಯನ್ನು ಸೇರಿಸುವಂತಿಲ್ಲ ಎಂದು ಸೆನೆಟ್‌ನ ನಿಯಮಾಧಿಕಾರಿ ಎಲಿಜಬೆತ್ ಮ್ಯಾಕ್‌ಡೊನೊ ತಡೆದರು. ಉಳಿದದ್ದು ತೆರಿಗೆಯ ಮೊತ್ತ ಮಾತ್ರ. 2026ರ ಜನವರಿ 1ರಿಂದ ಅದು ಸೊನ್ನೆ. ಮಷೀನ್ ಗನ್ನಿಗೆ 200 ಡಾಲರ್ ಹಾಗೇ ಇದೆ. ಸೈಲೆನ್ಸರ್‌ಗೆ ನೋಂದಣಿ, ಬೆರಳಚ್ಚು, ಭಾವಚಿತ್ರ, ಹಿನ್ನೆಲೆ ತಪಾಸಣೆ ಯಾವುದೂ ಹೋಗಿಲ್ಲ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಜನರಿಗೆ ಅದು ರಾಜ್ಯದ ಕಾನೂನಿನಿಂದಲೇ ನಿಷಿದ್ಧ, ನಮ್ಮ ನ್ಯೂಜೆರ್ಸಿಯಲ್ಲೂ ಹಾಗೆಯೇ.

ಹೆಸರು ಸೈಲೆನ್ಸರ್ ಆದರೂ ಅದು ಸದ್ದು ಅಡಗಿಸುವುದಿಲ್ಲ, 20–35 ಡೆಸಿಬಲ್ ತಗ್ಗಿಸುತ್ತದೆ. ಕಿವಿ ಉಳಿಸಿಕೊಳ್ಳಲು ನಾರ್ವೆ, ಫಿನ್ಲೆಂಡ್‌ಗಳಂತಹ ದೇಶಗಳ ಬೇಟೆಗಾರರು ಅದನ್ನು ಸಹಜವಾಗಿ ಬಳಸುತ್ತಾರೆ. ಆದ್ದರಿಂದ ತೆರಿಗೆ ರದ್ದಾದದ್ದು ಸರಿ ಎಂಬುದು ನನ್ನ ಅಭಿಪ್ರಾಯ. ತೆರಿಗೆ ಇರುವುದು ಖಜಾನೆಗಾಗಿ. ಒಬ್ಬ ಪ್ರಜೆಯ ಹಕ್ಕನ್ನು ದುಬಾರಿಯಾಗಿಸಿ ಬಡವನಿಗೆ ಬಾಗಿಲು ಹಾಕಲು ಅದನ್ನು ಬಳಸಬಾರದು. ಹೆಲ್ಲರ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಿತು, ಬ್ರೂಯೆನ್ ಪ್ರಕರಣದಲ್ಲಿ 2022ರಲ್ಲಿ ಅದನ್ನು ಮನೆಯ ಹೊರಗೂ ವಿಸ್ತರಿಸಿತು.

ಅದೇ ಕೋರ್ಟ್ 2024ರ ರಹೀಮಿ ತೀರ್ಪಿನಲ್ಲಿ, ಸಂಗಾತಿಗೆ ಜೀವಭಯ ಒಡ್ಡಿದವನೆಂದು ನ್ಯಾಯಾಲಯ ಗುರುತಿಸಿದವನಿಂದ ಬಂದೂಕು ಕಿತ್ತುಕೊಳ್ಳಬಹುದು ಎಂದು 8–1 ಮತದಿಂದ ಹೇಳಿತು. ಅದನ್ನೂ ನಾನು ಅಷ್ಟೇ ಬಲವಾಗಿ ಒಪ್ಪುತ್ತೇನೆ. 2023ರಲ್ಲಿ ಈ ದೇಶದಲ್ಲಿ ಬಂದೂಕಿನಿಂದ ಸತ್ತವರು 46 ಸಾವಿರಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಬಂದೂಕು ಹಕ್ಕನ್ನು ಎತ್ತಿಹಿಡಿಯುವ ನಾವು ಈ ಸಂಖ್ಯೆಯ ಮುಂದೆ ತಲೆ ತಪ್ಪಿಸಬಾರದು. ಮನೆಯಲ್ಲಿ ಬಂದೂಕಿದ್ದರೆ ಬೀಗದ ಪೆಟ್ಟಿಗೆಯಲ್ಲಿರಲಿ, ಗುಂಡು ಬೇರೆ ಕಡೆ ಇರಲಿ. ನಿಮ್ಮ ಮಕ್ಕಳು ಆಡಲು ಹೋಗುವ ಮನೆಯವರನ್ನು ‘ಬಂದೂಕು ಇದೆಯೇ, ಬೀಗವಿದೆಯೇ’ ಎಂದು ನೇರವಾಗಿ ಕೇಳಿ. ಒಳ್ಳೆಯವರು ಬೇಸರಪಡುವುದಿಲ್ಲ.

ಪ್ರಶ್ನೆ: ನಾನು ಕೊಡವ. ಊರಿನ ಮನೆಯಲ್ಲಿ ಕೋವಿಯೊಂದಿಗೆ ಬೆಳೆದವನು. ಈಗ ಎಚ್-1ಬಿ ವೀಸಾದಲ್ಲಿ ಟೆಕ್ಸಾಸ್‌ನಲ್ಲಿದ್ದೇನೆ. ಇಲ್ಲಿ ಲೈಸೆನ್ಸ್ ಕೂಡ ಬೇಡ ಎನ್ನುತ್ತಾರೆ. ಒಂದು ಕೊಳ್ಳಬಹುದೇ? — ಆಸ್ಟಿನ್

ದಯವಿಟ್ಟು ಅವಸರ ಮಾಡಬೇಡಿ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಪರವಾನಗಿಯಿಲ್ಲದೆ ಕೈಬಂದೂಕು ಒಯ್ಯಬಹುದು, ಅದು ನಿಜ. ಆದರೆ ಆ ಸ್ವಾತಂತ್ರ್ಯ ಫೆಡರಲ್ ಕಾನೂನಿನಲ್ಲಿ ಬಂದೂಕು ಇಟ್ಟುಕೊಳ್ಳಲು ಅರ್ಹರಾದವರಿಗೆ. ನಿಮ್ಮಂತಹ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಸಾಮಾನ್ಯವಾಗಿ ಅಪರಾಧ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಅಂಗಡಿಯಲ್ಲಿ ತುಂಬಬೇಕಾದ 4473 ಎಂಬ ಅರ್ಜಿಯಲ್ಲಿ ಇದನ್ನೇ ನೇರವಾಗಿ ಕೇಳುತ್ತಾರೆ. ನನ್ನ ಗೆಳೆಯನೊಬ್ಬ ಆ ಸಾಲಿನ ಮೇಲೆ ಪೆನ್ನು ಇಟ್ಟು ಬಹಳ ಹೊತ್ತು ನಿಂತ. ‘ಇಲ್ಲ’ ಎಂದು ಬರೆದರೆ ಸುಳ್ಳು, ಅದಕ್ಕೆ ಜೈಲು, ಆಮೇಲೆ ಗಡೀಪಾರು. ಅರ್ಜಿಯನ್ನು ಅಲ್ಲೇ ಬಿಟ್ಟು ಹೊರಬಂದ.

ಕಾನೂನಿನಲ್ಲಿ ಕೆಲವು ವಿನಾಯಿತಿಗಳಿವೆ. ಯಾವುದಾದರೂ ಒಂದು ರಾಜ್ಯದ ಬೇಟೆ ಪರವಾನಗಿ ಚಾಲ್ತಿಯಲ್ಲಿರುವುದು ಅವುಗಳಲ್ಲಿ ಮುಖ್ಯವಾದದ್ದು. ಅದರ ಅವಧಿ ಮುಗಿದ ದಿನವೇ ನಿಮ್ಮ ವಿನಾಯಿತಿಯೂ ಮುಗಿಯುತ್ತದೆ, ಮನೆಯಲ್ಲಿರುವ ಬಂದೂಕು ಅಪರಾಧದ ವಸ್ತುವಾಗುತ್ತದೆ.

ನಿಮ್ಮ ಊರಿನ ಮಾತು ಬಂದದ್ದರಿಂದ ಒಂದು ಸಂಗತಿ. ಭಾರತದ ಶಸ್ತ್ರಾಸ್ತ್ರ ಕಾಯ್ದೆಯಿಂದ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೈಲ್ ಪೊಳ್ದ್ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವ, ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಗುಂಡು ಹಾರಿಸುವ ಜನರನ್ನು ಸರ್ಕಾರ ಇಷ್ಟು ಕಾಲ ನಂಬಿದೆ, ಅವರು ಆ ನಂಬಿಕೆಯನ್ನು ಉಳಿಸಿಕೊಂಡಿದ್ದಾರೆ. ಬಂದೂಕಿನ ಚರ್ಚೆಯಲ್ಲಿ ನಾನು ಅಮೆರಿಕದ ಗೆಳೆಯರಿಗೆ ಕೊಡಗಿನ ಬಗ್ಗೆ ಹೇಳುವುದು ಇದಕ್ಕೇ. ಆದರೆ ಆ ವಿನಾಯಿತಿ ನಿಮ್ಮೊಂದಿಗೆ ಸಮುದ್ರ ದಾಟಿ ಬರುವುದಿಲ್ಲ. ಗ್ರೀನ್ ಕಾರ್ಡ್ ಬರುವವರೆಗೆ ಕಾಯಿರಿ. ಕಾಯಲಾಗದಿದ್ದರೆ ಅಂಗಡಿಗೆ ಹೋಗುವ ಮೊದಲು ವಲಸೆ ಕಾನೂನನ್ನೂ ಬಂದೂಕು ಕಾನೂನನ್ನೂ ಬಲ್ಲ ವಕೀಲರೊಬ್ಬರಿಗೆ ನಿಮ್ಮ ವೀಸಾ ಕಾಗದಗಳನ್ನು ತೋರಿಸಿ, ಅವರ ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.