ಕೇಳಿದ ಮೇಲೆ ಕಿವಿಗೊಡಬೇಕು

ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ಫೆರೋ ದ್ವೀಪಗಳ ಜನ 1946ರಲ್ಲಿ ಬೇರೆಯಾಗಲು ಮತ ಹಾಕಿದರೂ ಅದು ಕೈಗೂಡದೆ ಹೋದದ್ದರ ಕುರಿತ ನಮ್ಮ ಲೇಖನವನ್ನು ಓದಿ ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: ‘161 ಮತಗಳ ಅಂತರಕ್ಕೆ ಯಾರಾದರೂ ದೇಶ ಒಡೆಯುತ್ತಾರೆಯೇ? ಡೆನ್ಮಾರ್ಕಿನ ರಾಜ ತಡೆದದ್ದೇ ಸರಿ. ನಿಮ್ಮ ಕೊರಗು ಅರ್ಥವಾಗಲಿಲ್ಲ.’

ಸಂಪಾದಕರ ಉತ್ತರ: ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. 1946ರ ಸೆಪ್ಟೆಂಬರ್ 14ರಂದು ಬೇರೆಯಾಗೋಣ ಎಂದವರು 5,660 ಮಂದಿ, ಡೆನ್ಮಾರ್ಕ್ ಮುಂದಿಟ್ಟ ಏರ್ಪಾಡೇ ಸಾಕು ಎಂದವರು 5,499. ತಿರಸ್ಕೃತ ಮತಗಳೇ 481. ಅಂತರ ತೆಳುವಾದದ್ದೇ, ಒಪ್ಪಿದೆ.

ಆದರೆ ಸ್ವಾಮಿ, ಇಷ್ಟು ಅಂತರ ಬೇಕೆಂದಿದ್ದರೆ ಮತಪೆಟ್ಟಿಗೆ ಇಡುವ ಮೊದಲೇ ಹೇಳಬೇಕಿತ್ತು. ಎಣಿಕೆ ಮುಗಿದ ಮೇಲೆ ಅದು ಬರೀ ಸಲಹೆ ಎನ್ನುವುದು ಯಾವ ನ್ಯಾಯ? ಆ ಜನರ ಪಾಡನ್ನೂ ನೋಡಿ. 1940ರಲ್ಲಿ ಡೆನ್ಮಾರ್ಕ್ ಜರ್ಮನರ ವಶವಾಯಿತು, ದ್ವೀಪಗಳಲ್ಲಿ ಬ್ರಿಟಿಷ್ ಪಡೆ ಬಂದಿಳಿಯಿತು. ಫೆರೋ ಮೀನುಗಾರರು ನೌಕಾಸ್ಫೋಟಕಗಳ ನಡುವೆ ಬ್ರಿಟನ್ನಿಗೆ ಮೀನು ಸಾಗಿಸಿದರು. ಅವರ ಹಡಗುಗಳು ಡೆನ್ಮಾರ್ಕಿನ ಬಾವುಟ ಇಳಿಸಿ ಸ್ವಂತ ಬಾವುಟ ಏರಿಸಿದವು. ಹೀಗೆ ಐದು ವರ್ಷ ತಮ್ಮ ಮನೆವಾರ್ತೆಯನ್ನು ತಾವೇ ನಿಭಾಯಿಸಿದವರು ಮತ್ತೆ ಹಳೆಯ ಜಿಲ್ಲೆಯಾಗಿ ಉಳಿಯಲು ಒಪ್ಪಿಯಾರೇ?

ಫಲಿತಾಂಶ ನೋಡಿ ಅವರ ಶಾಸನಸಭೆ ಲೋಗ್ಟಿಂಗ್ ಸ್ವಾತಂತ್ರ್ಯ ಘೋಷಿಸಿತು. ವಾರ ಕಳೆಯುವುದರೊಳಗೆ ಹತ್ತನೆಯ ಕ್ರಿಶ್ಚಿಯನ್ ದೊರೆ ಸಭೆಯನ್ನೇ ವಿಸರ್ಜಿಸಿದ. ನವೆಂಬರಿನ ಚುನಾವಣೆಯಲ್ಲಿ ಡೆನ್ಮಾರ್ಕ್ ಪರ ಪಕ್ಷಗಳು ಗೆದ್ದವು. ಅದೂ ಜನರದೇ ತೀರ್ಪು, ಸರಿ. ಆದರೆ ಇದೇ ದೊರೆ 1944ರಲ್ಲಿ ಐಸ್‌ಲೆಂಡ್ ಗಣರಾಜ್ಯವಾದಾಗ ಶುಭಾಶಯದ ತಂತಿ ಕಳಿಸಿದ್ದ! ಅಲ್ಲಿ ತಡೆಯುವ ದಾರಿ ಇರಲಿಲ್ಲ, ಇಲ್ಲಿ ಇತ್ತು.

ತೆಳು ಅಂತರದ ಇನ್ನೊಂದು ಕಥೆ ಕೇಳಿ. 1948ರಲ್ಲಿ, ಆಗ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ನ್ಯೂಫೌಂಡ್‌ಲೆಂಡಿನಲ್ಲಿ ಮುಂದಿನ ಆಡಳಿತ ಹೇಗಿರಬೇಕೆಂದು ಎರಡು ಸುತ್ತಿನ ಮತದಾನ ನಡೆಯಿತು. ಮೊದಲ ಸುತ್ತಿನಲ್ಲಿ ಶೇ. 44.6ರಷ್ಟು ಮತ ಪಡೆದು ಮುಂದಿದ್ದದ್ದು ಸ್ವಂತ ಸರ್ಕಾರ ಬೇಕೆಂಬ ಆಯ್ಕೆ. ಎರಡನೆಯದರಲ್ಲಿ ಶೇ. 52.3 ಮತದಿಂದ ಕೆನಡಾ ಸೇರುವ ಆಯ್ಕೆ ಗೆದ್ದಿತು. ಸೋತವರು ಗೊಣಗಿದರು; ಲಂಡನ್ ಆಗಲಿ ಒಟ್ಟಾವಾ ಆಗಲಿ ಅಂತರ ಸಾಲದೆನ್ನಲಿಲ್ಲ. ದೊಡ್ಡವರ ಮಡಿಲಿಗೆ ಬೀಳುವ ಮತಕ್ಕೆ ಸಣ್ಣ ಅಂತರ ಸಾಕು, ಮಡಿಲು ಬಿಟ್ಟು ಇಳಿಯುವ ಮತಕ್ಕೆ ಬೆಟ್ಟದಷ್ಟು ಬೇಕು. ಇತಿಹಾಸವನ್ನು ಇಷ್ಟು ಆಸ್ಥೆಯಿಂದ ಓದುವ ನಿಮ್ಮ ಕಣ್ಣಿಗೆ ಇದು ಬೀಳದಿದ್ದುದು ನನಗೆ ಆಶ್ಚರ್ಯ.

ತೀರ್ಮಾನವನ್ನು ಜೇಬಿನಲ್ಲಿಟ್ಟುಕೊಂಡು ಅಭಿಪ್ರಾಯ ಕೇಳಲು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅಹವಾಲು ಸಭೆಗೆ ಶಾಮಿಯಾನ ಹಾಕಿಸಿ, ಚಹಾ ಕೊಟ್ಟು, ಸಹಿ ಪಡೆದು, ಊರಿನವರು ಬೇಡವೆಂದದ್ದನ್ನು ‘ಗಮನಿಸಲಾಗಿದೆ’ ಎಂದು ಬರೆದುಕೊಂಡು ಹೋಗುವ ಅಧಿಕಾರಿಗಳೂ ಅದೇ ಜಾತಿಯವರು.

ಅಂದಹಾಗೆ, 1948ರಲ್ಲಿ ಸ್ವಯಮಾಡಳಿತ ಪಡೆದ ಫೆರೋ ದ್ವೀಪದವರು, 1973ರಲ್ಲಿ ಡೆನ್ಮಾರ್ಕ್ ಯುರೋಪಿನ ಸಮುದಾಯ ಸೇರಿದಾಗ ಮೀನಿನ ಹಕ್ಕು ಬಿಟ್ಟುಕೊಡಲು ಮನಸ್ಸಿಲ್ಲದೆ ಹೊರಗೇ ಉಳಿದರು.