ಕೇಳಿ ನೋಡಿ: ಹಳೇ ಲೋಗೋ, ಹೊಸ ಟೀ ಶರ್ಟು

ಹೋದ ತಿಂಗಳು ಇದೇ ಅಂಕಣದಲ್ಲಿ 'ಥೀಮ್ ಪಾರ್ಕಿನವರು ಲೋಗೋ ಮುಟ್ಟಿದರೆ ಜನ ಗರ್ಭಗುಡಿಯ ಮೂರ್ತಿ ಮುಟ್ಟಿದ ಹಾಗೆ ಆಡುತ್ತಾರೆ' ಎಂದು ಸುಮ್ನೆ ಒಂದು ಸಾಲು ಬರೆದಿದ್ದೆ. ಈ ಸಲದ ಪ್ರಶ್ನೆಗಳೆಲ್ಲ ಆ ಒಂದು ಸಾಲಿಗೇ ಬಂದು ನಿಂತಿವೆ. ಬಂದದ್ದರಲ್ಲಿ ನಾಲ್ಕು ಆರಿಸಿದ್ದೇನೆ.

ಪ್ರಶ್ನೆ: ನಾವು ಫ್ಲೋರಿಡಾದಲ್ಲಿದ್ದೇವೆ. ರಜೆಯಲ್ಲಿ ಎಪ್ಕಾಟ್‌ಗೆ ಹೋಗಿದ್ದೆವು. ಹದಿನಾರು ವರ್ಷದ ಮಗಳು ಅಂಗಡಿಯಲ್ಲಿ ಐದು ಉಂಗುರದ ಹಳೇ ಲೋಗೋ ಇರುವ ಟೀ ಶರ್ಟೇ ಬೇಕು ಅಂತ ಹಟ ಹಿಡಿದಳು. ಅವಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚಿನ ಲೋಗೋ ಅದು. ನೋಡಿಯೇ ಇಲ್ಲದ ಕಾಲದ ಬಗ್ಗೆ ಹಳಹಳಿಕೆ ಹೇಗೆ ಬರುತ್ತದೆ? (ಒಬ್ಬ ತಾಯಿ, ಟ್ಯಾಂಪಾ)

ಉತ್ತರ: ಟೀ ಶರ್ಟು ಕೊಡಿಸಿದಿರೋ ಇಲ್ಲವೋ, ಅದನ್ನೇ ಬರೆದಿಲ್ಲ ನೀವು! ಕೊಡಿಸಿಲ್ಲ ಅಂದರೆ ಮುಂದಿನ ಸಲ ಕೊಡಿಸಿ. ಒಳ್ಳೇ ಲೋಗೋ ಅದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕಥೆ. ಎಪ್ಕಾಟ್ ಅಂದರೆ ವಾಲ್ಟ್ ಡಿಸ್ನಿ ವರ್ಲ್ಡ್‌ನ ಎರಡನೇ ಪಾರ್ಕು. ಶುರುವಾದದ್ದು 1982ರ ಅಕ್ಟೋಬರ್ 1ರಂದು. ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಪೋಣಿಸಿ ಮಾಡಿದ ಹೆಸರು, ಅರ್ಥ ಹೆಚ್ಚುಕಮ್ಮಿ 'ನಾಳೆಯ ಊರು ಹೇಗಿರಬೇಕು ಎಂಬುದಕ್ಕೆ ಒಂದು ಪ್ರಯೋಗ' ಅಂತ. ವಾಲ್ಟ್ ಡಿಸ್ನಿಗೆ ಜನ ನಿಜವಾಗಿಯೂ ವಾಸ ಮಾಡುವ ಊರನ್ನೇ ಕಟ್ಟಬೇಕು ಎಂಬ ಆಸೆಯಿತ್ತು. ಅವರು 1966ರಲ್ಲಿ ತೀರಿಕೊಂಡರು. ಊರು ಹೋಯಿತು, ಪಾರ್ಕು ಬಂತು. ಅದರ ಮೊದಲ ಲೋಗೋದಲ್ಲಿ ಐದು ಉಂಗುರಗಳು ಒಂದರೊಳಗೊಂದು ಹೆಣೆದುಕೊಂಡು ಹೂವಿನ ಎಸಳಿನ ಹಾಗೆ ಕಾಣುತ್ತವೆ, ನಡುವೆ ಭೂಮಿ. ಬರೀ ಗೆರೆ, ಬೇರೇನೂ ಇಲ್ಲ. ಒಳಗಿದ್ದ ಪ್ರದರ್ಶನಗಳಿಗೂ ಅದೇ ಕೈಯಲ್ಲಿ ಬರೆದಂತೆ ಚಿಹ್ನೆಗಳಿದ್ದವು: ಇಂಧನಕ್ಕೊಂದು, ನೆಲಕ್ಕೊಂದು, ಓಡಾಟಕ್ಕೊಂದು, ಆಮೇಲೆ ಸಮುದ್ರಕ್ಕೊಂದು. ಎಲ್ಲವನ್ನೂ ಸಾಲಾಗಿ ಇಟ್ಟರೆ ಅಣ್ಣತಮ್ಮಂದಿರ ಫೋಟೋ ನೋಡಿದ ಹಾಗಿರುತ್ತದೆ.

ತೊಂಬತ್ತರ ದಶಕದಲ್ಲಿ ಇದೆಲ್ಲ ಹಳತಾಯಿತು ಅನ್ನಿಸಿರಬೇಕು. ಎಪ್ಕಾಟ್ ಸೆಂಟರ್ ಅಂತ ಇದ್ದದ್ದನ್ನು ಮೊದಲು ಎಪ್ಕಾಟ್ '94 ಅಂದರು, ಮರುವರ್ಷ ಎಪ್ಕಾಟ್ '95 ಅಂದರು, ಕ್ಯಾಲೆಂಡರ್ ಅಂಗಡಿಯವರ ಹಾಗೆ. ಪ್ರತಿ ಜನವರಿಗೆ ಬೋರ್ಡು ಬದಲಿಸುವುದು ಯಾರಿಗೆ ಬೇಕು? 1996ಕ್ಕೆ ಬರೀ ಎಪ್ಕಾಟ್ ಉಳಿಯಿತು. ಉಂಗುರಗಳು ಮೂಲೆಗೆ ಸರಿದವು. ಆಮೇಲೆ 2000ದ ಸಂಭ್ರಮ ಬಂತು ನೋಡಿ, ಪಾರ್ಕಿನ ಮುಂದಿರುವ ಆ 180 ಅಡಿ ಎತ್ತರದ ಗೋಳದ ಪಕ್ಕಕ್ಕೆ ಮಂತ್ರದಂಡ ಹಿಡಿದ ಮಿಕ್ಕಿ ಮೌಸ್‌ನ ಕೈಯೊಂದನ್ನು ನಿಲ್ಲಿಸಿ, ಗೋಳದ ನೆತ್ತಿಯ ಮೇಲೆ '2000' ಅಂತ ಬರೆಸಿದರು. ಹಬ್ಬ ಮುಗಿಯಿತು. '2000' ತೆಗೆದು ಆ ಜಾಗಕ್ಕೆ ಪಾರ್ಕಿನ ಹೆಸರು ಹಾಕಿದರು, ದಂಡ ಮಾತ್ರ 2007ರವರೆಗೂ ಅಲ್ಲೇ ನಿಂತಿತ್ತು. ಮಗಳ ಮದುವೆಗೆ ಹಾಕಿದ ಚಪ್ಪರ ಮೊಮ್ಮಗುವಿನ ನಾಮಕರಣದವರೆಗೂ ಬಿಚ್ಚದೇ ಬಿಟ್ಟ ಹಾಗೆ.

2019ರಲ್ಲಿ ಗಾಳಿ ತಿರುಗಿತು. ಪಾರ್ಕನ್ನು ದೊಡ್ಡದಾಗಿ ಬದಲಾಯಿಸುತ್ತೇವೆ ಅಂದರು, ಅದರ ಜೊತೆಗೇ ಹೆಸರನ್ನು ಮೊದಲಿನಂತೆ ಪೂರ್ತಿ ದೊಡ್ಡಕ್ಷರಕ್ಕೆ ತಂದರು, ಹಳೇ ಚಿಹ್ನೆಗಳ ಧಾಟಿಯಲ್ಲೇ ಹೊಸ ಚಿಹ್ನೆಗಳನ್ನು ಬರೆಸಿದರು. ಗೇಟು ದಾಟಿದ ಕೂಡಲೇ ಸಿಗುವ ಕಾರಂಜಿಯಲ್ಲಿ ಗಾಜಿನಂಥ ಕಂಬಗಳ ಮೇಲೆ ಆ ಐದು ಉಂಗುರ ಮತ್ತೆ ಬಂದು ಕೂತಿವೆ, 1982ರಲ್ಲಿ ಇದ್ದ ಹಾಗೇ. ನಿಮ್ಮ ಮಗಳು ನೋಡಿದ್ದು ಅದನ್ನೇ ಇರಬೇಕು.

ಇಲ್ಲಿ ಒಂದು ತಮಾಷೆ ಇದೆ. ಹಳೇ ಲೋಗೋ ಹೀಗೆ ಹಿಂದಿರುಗುತ್ತಿದ್ದ ಹೊತ್ತಿನಲ್ಲೇ, 2021ರಲ್ಲಿ, ಪಾರ್ಕಿನ ಮುಂದಿನ ಅರ್ಧ ಭಾಗಕ್ಕೆ ಮೊದಲಿನಿಂದ ಇದ್ದ ಫ್ಯೂಚರ್ ವರ್ಲ್ಡ್ ಎಂಬ ಹೆಸರನ್ನು ಕೈಬಿಟ್ಟರು! ಅಂದರೆ ಬೋರ್ಡಿನಿಂದ ಭವಿಷ್ಯ ಹೋಯಿತು, ಟೀ ಶರ್ಟಿನ ಮೇಲೆ ಬಂತು.

ನನ್ನ ಪ್ರಕಾರ ನಿಮ್ಮ ಮಗಳಿಗೆ ಬೇಕಾದದ್ದು 1982 ಅಲ್ಲವೇ ಅಲ್ಲ. 1982ರವರು ಕಂಡಿದ್ದ ನಾಳೆ ಅವಳಿಗೆ ಬೇಕಾಗಿದೆ. ಅಲ್ಲಿ ಹೊರೈಜ಼ನ್ಸ್ ಅಂತ ಒಂದು ಸವಾರಿ ಇತ್ತು, 1983ರಲ್ಲಿ ಶುರುವಾಗಿ 1999ರಲ್ಲಿ ಮುಚ್ಚಿತು. ಮರುಭೂಮಿಯಲ್ಲಿ ಬೆಳೆ, ಸಮುದ್ರದೊಳಗೆ ಮನೆ, ಆಕಾಶದಲ್ಲಿ ಊರು ತೋರಿಸಿ, ಕೊನೆಯಲ್ಲಿ ಯಾವ ದಾರಿಯಲ್ಲಿ ವಾಪಸ್ ಹೋಗುತ್ತೀರಿ ಅಂತ ಕೇಳುತ್ತಿದ್ದರು. ಕೂತವರು ಗುಂಡಿ ಒತ್ತಿ ಆರಿಸಿಕೊಳ್ಳಬೇಕಿತ್ತು. ನಾನೂ ನೋಡಿದ್ದು ವಿಡಿಯೋದಲ್ಲಷ್ಟೇ, ಆದರೂ ಆ ಗುಂಡಿಯನ್ನು ಒಮ್ಮೆ ಒತ್ತಬೇಕಿತ್ತು ಅನ್ನಿಸುತ್ತದೆ. ಇವತ್ತು ಹದಿನಾರರ ಮಕ್ಕಳಿಗೆ ನಾಳೆ ಅಂದರೆ ಬಿಸಿಲು, ನೆರೆ, ಕೆಲಸ ಸಿಗುತ್ತೋ ಇಲ್ವೋ ಎಂಬ ಚಿಂತೆ. ನಾಳೆಯನ್ನು ಖುಷಿಯಾಗಿ ಬರೆದ ಚಿತ್ರ ಕಂಡರೆ ಮೈಮೇಲೆ ಹಾಕಿಕೊಳ್ಳೋಣ ಅನ್ನಿಸುವುದು ಸಹಜ, ಅಲ್ವಾ?

ಪ್ರಶ್ನೆ: ಮಗನ ಮನೆಗೆ ಬಂದಿದ್ದೇನೆ. ಮೊಮ್ಮಗನನ್ನು ಇಲ್ಲಿಯ ಲೂನಾ ಪಾರ್ಕಿಗೆ ಕರೆದುಕೊಂಡು ಹೋದರೆ, ಬಾಗಿಲಿನ ಆ ದೊಡ್ಡ ಮುಖ ನೋಡಿ 'ತಾತಾ, ಬಾಯೊಳಗೆ ಹೋಗಲ್ಲ' ಅಂತ ಅತ್ತುಬಿಟ್ಟ. ಅದನ್ನು ಸ್ವಲ್ಪ ಮಾಡರ್ನ್ ಮಾಡಬಾರದಾ? (ಸದ್ಯ ಸಿಡ್ನಿಯಿಂದ, ಊರು ತುಮಕೂರು)

ಉತ್ತರ: ಮಾಡಿ ನೋಡಿಯಾಗಿದೆ ಸಾರ್, ಒಂದಲ್ಲ ಹಲವು ಸಲ! ಸಿಡ್ನಿಯ ಲೂನಾ ಪಾರ್ಕು 1935ರದು. ಹಲ್ಲು ಬಿಟ್ಟು ನಗುವ ಆ ಮುಖವೇ ಬಾಗಿಲು, ಅದೇ ಗುರುತು, ಅದೇ ಲೋಗೋ. ಆದರೆ ನಿಮ್ಮ ಮೊಮ್ಮಗ ನೋಡಿ ಅತ್ತ ಮುಖ 1935ರದಲ್ಲ. ಕಡಲ ದಂಡೆಯ ಗಾಳಿ ಮಳೆಗೆ ಮುಖ ಹಾಳಾಗುತ್ತಿತ್ತು, ಹೊಸದು ಮಾಡುತ್ತಿದ್ದರು, ಮಾಡುವಾಗಲೆಲ್ಲ ಹುಬ್ಬು, ಕಣ್ಣು, ಕೆನ್ನೆ ಒಂಚೂರು ಬದಲಾಗುತ್ತಿತ್ತು. 1973ರಲ್ಲಿ ಮಾರ್ಟಿನ್ ಶಾರ್ಪ್ ಎಂಬ ಕಲಾವಿದರು ತಮ್ಮ ಕಾಲದ ಬಣ್ಣದಲ್ಲಿ ಒಂದು ಮುಖ ಮಾಡಿದರು. ಈಗಿರುವುದು 1995ರಲ್ಲಿ ಕೂರಿಸಿದ್ದು, ಅದಕ್ಕೆ ಮಾದರಿ 1960ರ ದಶಕದಲ್ಲಿ ಆರ್ಥರ್ ಬಾರ್ಟನ್ ಮಾಡಿದ್ದ ಮುಖ.

ಇದು ನನಗೆ ತುಂಬ ಇಷ್ಟವಾದ ಸಂಗತಿ. ಹಳೇದು ಬೇಕು ಅಂದಾಗ ತೀರಾ ಮೊದಲನೆಯದಕ್ಕೆ ಹೋಗಲಿಲ್ಲ, ನಡುವಿನದೊಂದನ್ನು ಹಿಡಿದರು. 1995ರಲ್ಲಿ ತೀರ್ಮಾನ ಮಾಡುವ ವಯಸ್ಸಿನಲ್ಲಿ ಇದ್ದವರು ಯಾರು? ಅರವತ್ತರ ದಶಕದಲ್ಲಿ ಅಪ್ಪನ ಕೈ ಹಿಡಿದು ಆ ಬಾಯೊಳಗೆ ಹೋದ ಮಕ್ಕಳೇ ಅಲ್ವಾ. ಬಾರ್ಟನ್ ಮುಖ ಚೆನ್ನಾಗಿತ್ತು ಎಂಬುದೂ ನಿಜ, ಆದರೆ ಇದೂ ಒಂದು ಕಾರಣ ಇರಬೇಕು ಎಂಬುದು ನನ್ನ ಊಹೆ.

ಮೊಮ್ಮಗ ಅತ್ತದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಯಕ್ಷಗಾನದ ಬಣ್ಣದ ವೇಷ ನೋಡಿ ಅಜ್ಜಿಯ ಸೆರಗಿನಲ್ಲಿ ಅಡಗಿ ಕೂತವರೇ ದೊಡ್ಡವರಾದ ಮೇಲೆ ಚೌಕಿಗೆ ಹೋಗಿ ವೇಷದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಪ್ರಶ್ನೆ: ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಲೋಗೋದಲ್ಲಿ ಆರು ಬಾವುಟ ಯಾಕೆ? (ಹುಬ್ಬಳ್ಳಿ)

ಉತ್ತರ: ಸಿಕ್ಸ್ ಫ್ಲ್ಯಾಗ್ಸ್ ಎಂಬ ಈ ಥೀಮ್ ಪಾರ್ಕು ಕಂಪನಿಯ ಮೊದಲ ಪಾರ್ಕು 1961ರಲ್ಲಿ ಟೆಕ್ಸಾಸ್‌ನಲ್ಲಿ ಶುರುವಾಯಿತು. ಆ ನೆಲದ ಮೇಲೆ ಬೇರೆ ಬೇರೆ ಕಾಲಕ್ಕೆ ಹಾರಿದ ಆರು ಬಾವುಟಗಳ ಲೆಕ್ಕ ಅದು: ಸ್ಪೇನ್, ಫ್ರಾನ್ಸ್, ಮೆಕ್ಸಿಕೋ, ಸ್ವತಂತ್ರ ಟೆಕ್ಸಾಸ್, ಅಮೆರಿಕ, ಮತ್ತೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣ ರಾಜ್ಯಗಳ ಒಕ್ಕೂಟ. ಆ ಆರನೆಯದೇ ತಲೆನೋವು. ಯಾರ ಅಜ್ಜ ಮುತ್ತಜ್ಜಂದಿರನ್ನು ಸಂತೆಯಲ್ಲಿ ಮಾರಿದ್ದರೋ ಅವರ ಮಕ್ಕಳೂ ಟಿಕೆಟ್ ತೆಗೆದುಕೊಂಡು ಒಳಗೆ ಬರುತ್ತಾರಲ್ಲ. 2017ರ ಆಗಸ್ಟ್‌ನಲ್ಲಿ ಆ ಪಾರ್ಕಿನವರು ಬೇರೆ ಬೇರೆ ಬಾವುಟ ಇಳಿಸಿ ಆರು ಕಂಬಕ್ಕೂ ಅಮೆರಿಕದ ಬಾವುಟವನ್ನೇ ಏರಿಸಿದರು. ಲೋಗೋ ಮಾತ್ರ ಬಚಾವಾಯಿತು, ಯಾಕೆಂದರೆ ಅದರಲ್ಲಿರುವುದು ಬರೀ ಬಣ್ಣದ ಪತಾಕೆಗಳು. ಯಾವ ದೇಶದ್ದೂ ಅಲ್ಲ, ಯಾವ ಯುದ್ಧದ್ದೂ ಅಲ್ಲ. ಹಳೇದೆಲ್ಲ ಎಲ್ಲರಿಗೂ ಸಿಹಿಯಾಗಿರುವುದಿಲ್ಲ, 'ನಮ್ಮ ಕಾಲದ ಲೋಗೋನೇ ಚೆನ್ನ' ಅನ್ನುವವರು ಇದನ್ನು ಒಂದು ಸಲ ನೋಡಬೇಕು.

ಪ್ರಶ್ನೆ: ಡಿಸೈನ್ ಓದುತ್ತಿದ್ದೇನೆ. ಒಂದು ಚಿಕ್ಕ ಅಮ್ಯೂಸ್‌ಮೆಂಟ್ ಪಾರ್ಕಿನ ಲೋಗೋ ಹೊಸದಾಗಿ ಮಾಡುವ ಕೆಲಸ ಸಿಕ್ಕಿದೆ. ಮಾಲೀಕರು 'ಫುಲ್ ಮಾಡರ್ನ್, ಫ್ಲ್ಯಾಟ್ ಇರಲಿ' ಅನ್ನುತ್ತಾರೆ. ಅವರ ತಂದೆ 'ನಾನು ಬರೆಸಿದ ಗಿಳಿ ತೆಗೆದರೆ ನೋಡು' ಅನ್ನುತ್ತಾರೆ. ಏನು ಮಾಡಲಿ? (ಬೆಂಗಳೂರು)

ಉತ್ತರ: ದುಡ್ಡು ಕೊಡುವವರು ಯಾರು, ಮಗನಾ, ಅಪ್ಪನಾ? ಅದನ್ನು ಮೊದಲು ತಿಳಿದುಕೋ ಮಾರಾಯ. ಸಲುಗೆಗೆ ಬೇಜಾರು ಮಾಡಿಕೊಳ್ಳಬೇಡ, ನಾನೂ ನಿನ್ನ ವಯಸ್ಸಿನಲ್ಲಿ ಇದೇ ಬೋನಿನಲ್ಲಿ ಸಿಕ್ಕಿಬಿದ್ದವನು.

ಮಾಲೀಕರು ಫ್ಲ್ಯಾಟ್, ಅಂದರೆ ನೆರಳು ಹೊಳಪು ಇಲ್ಲದ ಸಾದಾ ಚಿತ್ರ, ಅನ್ನುವುದು ಬರೀ ಶೋಕಿಗಲ್ಲ. ಹಳೇ ಲೋಗೋಗಳನ್ನು ಬರೆದದ್ದು ಹೆದ್ದಾರಿ ಬದಿಯ ಬೋರ್ಡಿಗೆ. ಬಸ್ಸಿನ ಕಿಟಕಿಯಿಂದ ಮಕ್ಕಳಿಗೆ ಕಂಡರೆ ಸಾಕಿತ್ತು, ಹಾಗಾಗಿ ನೆರಳು, ಹೊಳಪು, ಕಾಮನಬಿಲ್ಲು, ನೀರಿನ ಹನಿ ಎಲ್ಲ ತುರುಕುತ್ತಿದ್ದರು. ಈಗ ಅದೇ ಲೋಗೋ ಫೋನಿನಲ್ಲಿ ಉಗುರಿನಷ್ಟು ಜಾಗದಲ್ಲಿ ಕಾಣಬೇಕು, ಟೋಪಿ ಮೇಲೆ ದಾರದಲ್ಲಿ ಹೊಲಿಯಬೇಕು, ಕೈಗೆ ಕಟ್ಟುವ ಪಟ್ಟಿಯ ಮೇಲೆ ಒಂದೇ ಬಣ್ಣದಲ್ಲಿ ಅಚ್ಚಾಗಬೇಕು. ಅಲ್ಲಿ ಹನಿಯೂ ಬಿಲ್ಲೂ ಸೇರಿ ಕಲೆ ಬಿದ್ದ ಹಾಗೆ ಕಾಣುತ್ತದೆ. ಎಪ್ಕಾಟ್‌ನ ಉಂಗುರ ಸುಲಭವಾಗಿ ವಾಪಸ್ ಬಂದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ, ಬರೀ ಗೆರೆಯಾದ್ದರಿಂದ ಫೋನಿಗೂ ಸರಿ, ಟೋಪಿಗೂ ಸರಿ.

ಈಗ ನನ್ನ ಕಥೆ ಕೇಳು. ವರ್ಷಗಳ ಹಿಂದೆ ಒಂದು ಸಣ್ಣ ವಾಟರ್ ಪಾರ್ಕಿಗೆ ಲೋಗೋ ಮಾಡಿಕೊಟ್ಟೆ, ಹೆಸರು ಬೇಡ. ಅವರ ಬೋರ್ಡಿನಲ್ಲಿ ಸೊಂಡಿಲಿನಿಂದ ನೀರು ಚಿಮ್ಮಿಸುವ ಒಂದು ಆನೆ ಇತ್ತು. ಪೇಂಟರ್ ಬರೆದದ್ದು, ಒಂದು ದಂತ ಉದ್ದ, ಒಂದು ಗಿಡ್ಡ, ಕಣ್ಣು ಬೇರೆ ಮೆಳ್ಳೆಗಣ್ಣು. ನಾನು ಪಟ್ಟಣದಿಂದ ಹೋದ ಬುದ್ಧಿವಂತ ನೋಡು, ಆನೆ ತೆಗೆದುಹಾಕಿ ನೀಲಿ ಬಣ್ಣದ ಮೂರು ಅಲೆ ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ದುಡ್ಡೂ ಕೊಟ್ಟರು. ಮರುವರ್ಷ ಅದೇ ಊರಿಗೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಆಟೋದವರಿಗೆ ಪಾರ್ಕಿನ ಹೆಸರು ಹೇಳಿದೆ. ಅವರಿಗೆ ಅರ್ಥವಾಗಲೇ ಇಲ್ಲ. ಮೂರನೆಯವರು ಸ್ವಲ್ಪ ಯೋಚನೆ ಮಾಡಿ 'ಓ, ಆನೆ ಪಾರ್ಕಾ? ಈಗ ಆನೆ ಇಲ್ಲ ಸಾರ್, ಯಾರೋ ತೆಗೆಸಿಬಿಟ್ಟರಂತೆ' ಅಂದರು. ನಾನು ಬಾಯಿ ಮುಚ್ಚಿಕೊಂಡು ಹತ್ತಿ ಕೂತೆ.

ಹಾಗಾಗಿ ಕಂಪ್ಯೂಟರ್ ಮುಂದೆ ಕೂರುವುದಕ್ಕೆ ಮುಂಚೆ ಆ ಊರಿಗೆ ಹೋಗು. ಬಸ್‌ಸ್ಟ್ಯಾಂಡು, ಟೀ ಅಂಗಡಿ, ಶಾಲೆ ಗೇಟು, ಅಲ್ಲಿ ಜನ ಆ ಪಾರ್ಕಿಗೆ ಏನಂತಾರೆ ಕೇಳು. 'ಗಿಳಿ ಪಾರ್ಕು' ಅಂದರೋ, ಗಿಳಿಯನ್ನು ಬಿಡಬೇಡ, ಅದನ್ನೇ ನಾಲ್ಕೈದು ಗೆರೆಗೆ ಇಳಿಸು. ಕೊಕ್ಕು ಎಷ್ಟು ಬಾಗಿದೆ, ಬಾಲ ಎತ್ತ ತಿರುಗಿದೆ ಎಂಬುದನ್ನು ಮಾತ್ರ ಹಳೇ ಬೋರ್ಡಿನಿಂದಲೇ ತೆಗೆದುಕೋ, ಗಿಳಿ ಗುರುತು ಸಿಗುವುದು ಅಲ್ಲೇ. ಗಿಳಿಯ ಸುದ್ದಿಯನ್ನೇ ಯಾರೂ ಎತ್ತದಿದ್ದರೆ ಅದು ಅಪ್ಪನೊಬ್ಬರ ಗಿಳಿ, ಅವರ ಆಫೀಸ್ ರೂಮಿನ ಗೋಡೆಗೆ ಫ್ರೇಮ್ ಹಾಕಿಸಿಕೊಟ್ಟು ಮಗ ಹೇಳಿದ ಹಾಗೆ ಮಾಡು.

ಹಳೇ ಬೋರ್ಡಿನದು ಒಂದು ಫೋಟೋ, ನಿನ್ನ ಸ್ಕೆಚ್ಚು ಎರಡು ಮೂರು, ಕಳಿಸು. ಮುಂದಿನ ತಿಂಗಳು ನೋಡೋಣ.