ಹೈಬ್ರಿಡ್ ಕಾರಿನ ಇಜಿಆರ್‌ನಲ್ಲಿ ಕಾರ್ಬನ್: ಸ್ಪ್ರೇ ಸಾಕೇ, ಬಿಚ್ಚಲೇಬೇಕೇ?

ಪ್ರಶ್ನೆ: ನನ್ನದು 2011ರ ಟೊಯೊಟಾ ಪ್ರಿಯಸ್, ಸೆಕೆಂಡ್ ಹ್ಯಾಂಡ್. 1.7 ಲಕ್ಷ ಕಿ.ಮೀ. ಓಡಿದೆ. ಬೆಳಿಗ್ಗೆ ಮೊದಲ ಸಲ ಎಂಜಿನ್ ಹತ್ತಿಕೊಂಡಾಗ ಇಡೀ ಗಾಡಿ ಗಡಗಡ ನಡುಗಿ, ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಚೆಕ್ ಎಂಜಿನ್ ದೀಪ ಹತ್ತಿದೆ, ಸ್ಕ್ಯಾನರ್‌ನಲ್ಲಿ ಪಿ0401 ತೋರಿಸಿತು. ಗ್ಯಾರೇಜಿನವರು ಥ್ರಾಟಲ್ ಬಾಡಿಗೆ ಸ್ಪ್ರೇ ಹೊಡೆದು ಕೋಡ್ ಅಳಿಸಿದರು. ಎರಡು ವಾರಕ್ಕೆ ಮತ್ತೆ ಬಂತು. ಏನು ಮಾಡಿಸಬೇಕು? (ಓದುಗರು, ತೀರ್ಥಹಳ್ಳಿ)

ಉತ್ತರ: ಇಜಿಆರ್ ಎಂದರೆ ಎಂಜಿನ್ ಹೊರಬಿಡುವ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ. ಪಿ0401 ಹೇಳುವುದು ಇಷ್ಟೇ: ಇಜಿಆರ್ ದಾರಿಯಲ್ಲಿ ಹರಿಯಬೇಕಾದಷ್ಟು ಹೊಗೆ ಹರಿಯುತ್ತಿಲ್ಲ. ಆ ದಾರಿ ಎಕ್ಸಾಸ್ಟ್ ಕಡೆಯಿಂದ ಹೊರಟು ಕೂಲರ್, ವಾಲ್ವ್, ಪೈಪು ದಾಟಿ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಸೇರುತ್ತದೆ. ಹೊರಗಿನ ಗಾಳಿ ಒಳಬಿಡುವ ಥ್ರಾಟಲ್ ಬಾಡಿ ಆ ದಾರಿಯಲ್ಲೇ ಇಲ್ಲ. ಅಲ್ಲಿ ಎಷ್ಟು ಡಬ್ಬಿ ಸ್ಪ್ರೇ ಖಾಲಿ ಮಾಡಿದರೂ ಕೂಲರ್‌ನೊಳಗಿನ ಮಸಿ ಅಲ್ಲಾಡುವುದಿಲ್ಲ. ಇದು ಬಿಚ್ಚಿ ಮಾಡುವ ಕೆಲಸ.

ಆದರೆ ಬಿಚ್ಚುವ ಮೊದಲು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಸರಿಯಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಈ 1.8 ಲೀಟರ್ ಎಂಜಿನ್ನಿನಲ್ಲಿ ಬೆಳಗಿನ ನಡುಕಕ್ಕೆ ಎರಡು ಕಾರಣಗಳಿರಬಹುದು. ಮ್ಯಾನಿಫೋಲ್ಡ್‌ನಲ್ಲಿ ರಾತ್ರಿಯಿಡೀ ನಿಂತ ನೀರು, ಎಣ್ಣೆ ಸಿಲಿಂಡರಿಗೆ ಹೋಗುವುದು ಒಂದು. ಗ್ಯಾಸ್ಕೆಟ್ ಸೋರಿ ಕೂಲಂಟೇ (ಎಂಜಿನ್ ತಣಿಸುವ ದ್ರವ) ಸಿಲಿಂಡರಿಗೆ ಇಳಿಯುವುದು ಇನ್ನೊಂದು. ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮಟ್ಟಕ್ಕೆ ಗುರುತು ಹಾಕಿ, ಎರಡು ವಾರ ನೋಡಿ. ಮಟ್ಟ ಇಳಿಯುತ್ತಿದ್ದರೆ, ಬೆಳಿಗ್ಗೆ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ, ಸ್ಪಾರ್ಕ್ ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ ಇಳಿಸಿ ಪಿಸ್ಟನ್‌ಗಳನ್ನು ನೋಡಿಸಿ. ಮೂರು ಪಿಸ್ಟನ್ ಕಪ್ಪಗಿದ್ದು ಒಂದು ಮಾತ್ರ ತೊಳೆದಂತೆ ಹೊಳೆಯುತ್ತಿದ್ದರೆ ಅಲ್ಲಿಗೆ ಕೂಲಂಟ್ ಹೋಗುತ್ತಿದೆ ಎಂದರ್ಥ. ಆಗ ಇಜಿಆರ್ ತೊಳೆಯುವುದಷ್ಟರಿಂದ ಏನೂ ಸರಿಯಾಗುವುದಿಲ್ಲ. ಈ ಪರೀಕ್ಷೆ ಬಿಟ್ಟು ನೇರ ಕ್ಲೀನಿಂಗ್‌ಗೆ ಕೈಹಾಕುವ ಗ್ಯಾರೇಜಿಗೆ ಗಾಡಿ ಕೊಡಬೇಡಿ.

ಮಸಿ ಇಷ್ಟೊಂದು ಕಟ್ಟುವುದೇಕೆ? ಎಕ್ಸಾಸ್ಟ್‌ನ ಒಣ ಮಸಿ ಒಂದೇ ಬಂದರೆ ಇಷ್ಟು ಅಂಟುವುದಿಲ್ಲ. ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸ್‌ನಿಂದ, ಅಲ್ಲಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವ ಪಿಸಿವಿ ವಾಲ್ವ್ ಮೂಲಕ ಬರುವ ಎಣ್ಣೆಯ ಆವಿ ಮ್ಯಾನಿಫೋಲ್ಡ್‌ನಲ್ಲಿ ಅದಕ್ಕೆ ಸೇರಿದಾಗ ಡಾಂಬರಿನಂಥ ಅಂಟಾಗುತ್ತದೆ. ಹೈಬ್ರಿಡ್‌ನಲ್ಲಿ ಎಂಜಿನ್ ಆಗಾಗ ನಿಂತು ಹೊರಡುವುದರಿಂದ ಪೂರ್ತಿ ಬಿಸಿಯಾಗುವುದೇ ತಡ. ಪೇಟೆಯೊಳಗೆ ನಾಲ್ಕೈದು ಕಿ.ಮೀ. ಓಡಿಸಿ ನಿಲ್ಲಿಸುವವರ ಗಾಡಿಯಲ್ಲಿ ಒಳಗಿನ ತೇವ ಆರುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡಿನ ಗಾಳಿಯ ತೇವ ಬೇರೆ. ಆಗುಂಬೆ, ಹುಲಿಕಲ್ ಘಾಟಿ ಇಳಿಯುವಾಗ ಬ್ಯಾಟರಿ ತುಂಬಿತೆಂದರೆ ಎಂಜಿನ್ ಪೆಟ್ರೋಲ್ ಇಲ್ಲದೆ ಸುಮ್ಮನೆ ತಿರುಗುತ್ತ ಬ್ರೇಕಿನ ಕೆಲಸ ಮಾಡುತ್ತದೆ. ಆಗ ಇನ್‌ಟೇಕ್‌ನಲ್ಲಿ ಎಳೆತ ಜೋರಾಗಿ ಎಣ್ಣೆಯ ಆವಿ ಇನ್ನಷ್ಟು ಒಳಬರುತ್ತದೆ. ಹಾಗೆಂದು ಘಾಟಿಯಲ್ಲಿ, ಎಂಜಿನ್ನಿನಿಂದಲೇ ಬ್ರೇಕ್ ಹಿಡಿಸುವ ‘ಬಿ’ ಮೋಡ್ ಬಿಡಬೇಡಿ. ಬ್ರೇಕ್ ಕಾಯ್ದು ಹಿಡಿಯದಿರುವುದಕ್ಕಿಂತ ಮ್ಯಾನಿಫೋಲ್ಡ್ ತೊಳೆಸುವುದು ಎಷ್ಟೋ ಮೇಲು.

ಮ್ಯಾನಿಫೋಲ್ಡ್‌ನಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಸಣ್ಣ ಇಜಿಆರ್ ತೂತುಗಳಿವೆ. ಅವು ಒಂದೇ ಸಮ ಕಟ್ಟಿಕೊಳ್ಳುವುದಿಲ್ಲ. ತೂತು ಮುಚ್ಚಿದ ಸಿಲಿಂಡರಿನಲ್ಲಿ ಉರಿ ಹೆಚ್ಚು ಬಿಸಿಯಾಗುತ್ತದೆ, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಉರಿದು ಬಡಿಯುವುದು) ಶುರುವಾಗುತ್ತದೆ. ಈ ತಲೆಮಾರಿನ ಪ್ರಿಯಸ್‌ಗಳಲ್ಲಿ ಹೆಡ್ ಗ್ಯಾಸ್ಕೆಟ್ ಹೋಗುವುದಕ್ಕೆ ಇದೂ ಒಂದು ಮುಖ್ಯ ಕಾರಣವೆಂದು ಇವನ್ನು ಬಿಚ್ಚಿ ಕೂಡಿಸುವ ಮೆಕ್ಯಾನಿಕ್‌ಗಳು ಹೇಳುತ್ತಾರೆ. ಹಾಗಾಗಿ ಕೂಲರ್ ತೊಳೆದು ಮ್ಯಾನಿಫೋಲ್ಡ್ ಬಿಟ್ಟರೆ ಕೆಲಸ ಅರ್ಧವೇ ಆದಂತೆ.

ಮೊದಲೇ ತರಿಸಿಡಬೇಕಾದವು: ಇಜಿಆರ್ ವಾಲ್ವ್, ಕೂಲರ್ ಮತ್ತು ಪೈಪಿನ ಗ್ಯಾಸ್ಕೆಟ್‌ಗಳು, ಮ್ಯಾನಿಫೋಲ್ಡ್ ಮತ್ತು ಥ್ರಾಟಲ್ ಗ್ಯಾಸ್ಕೆಟ್, ಹೊಸ ಪಿಸಿವಿ ವಾಲ್ವ್, 2 ಲೀಟರ್ ಗುಲಾಬಿ ಬಣ್ಣದ ಸೂಪರ್ ಲಾಂಗ್ ಲೈಫ್ ಕೂಲಂಟ್. ಈ ಗಾಡಿಯ ಬಿಡಿಭಾಗ ಶಿವಮೊಗ್ಗದಲ್ಲಿ ಕೇಳಿದ ದಿನವೇ ಸಿಗುವಂಥದ್ದಲ್ಲ. ಹಳೆಯ ಗ್ಯಾಸ್ಕೆಟ್‌ಗೆ ಸಿಲಿಕಾನ್ ಹಚ್ಚಿ ಕೂರಿಸಿದರೆ ಬಿಸಿ ಹೊಗೆಗೆ ಅದು ತಾಳುವುದಿಲ್ಲ.

ಪವರ್ ಬಟನ್ ಆಫ್ ಮಾಡಿ, ಕೀಯನ್ನು ಗಾಡಿಯಿಂದ ದೂರ ಇಡಿ. ‘ರೆಡಿ’ ದೀಪ ಉರಿಯುತ್ತಿದ್ದರೆ ಎಂಜಿನ್ ಹೇಳದೆ ಕೇಳದೆ ಚಾಲೂ ಆಗಬಹುದು, ಕೈ ಒಳಗಿದ್ದರೂ. 12 ವೋಲ್ಟ್ ಬ್ಯಾಟರಿ ಡಿಕ್ಕಿಯ ಬಲಮೂಲೆಯಲ್ಲಿದೆ. ಅದರ ನೆಗೆಟಿವ್ ಬಿಚ್ಚಿದ ಮೇಲೆ ಡಿಕ್ಕಿ ಬಾಗಿಲು ಮುಚ್ಚಬೇಡಿ, ಅದರ ಲಾಕ್ ತೆರೆಯುವುದು ಕರೆಂಟಿನಲ್ಲಿ. ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ಲುಗಳನ್ನು, ಇನ್ವರ್ಟರನ್ನು ಮುಟ್ಟುವ ಅಗತ್ಯ ಈ ಕೆಲಸದಲ್ಲಿ ಎಲ್ಲೂ ಇಲ್ಲ. ಇನ್ವರ್ಟರಿನ ಕೂಲಂಟ್ ಡಬ್ಬಿಯೇ ಬೇರೆ, ಎರಡನ್ನೂ ಅದಲುಬದಲು ಮಾಡಬೇಡಿ.

ಕೂಲರ್ ಇರುವುದು ಎಂಜಿನ್ನಿನ ಹಿಂದೆ, ಗಾಜಿನ ಬುಡದಲ್ಲಿ. ವೈಪರ್, ಅದರ ಮೋಟಾರು, ಕೌಲ್ (ಗಾಜಿನ ಬುಡದ ಮುಚ್ಚಳದ ಭಾಗ) ತೆಗೆದರೆ ಕೈ ಹೋಗುತ್ತದೆ. (ಕೌಲ್ ತೆಗೆದಾಗ ಅಲ್ಲಿನ ಕಸ, ಎಲೆ, ಇಲಿಗೂಡು ತೆಗೆದು ನೀರು ಇಳಿಯುವ ತೂತು ಬಿಡಿಸಿಡಿ. ಮಳೆಗಾಲದಲ್ಲಿ ಒಳಗೆ ನೀರು ಬರುವುದು ಹೆಚ್ಚಾಗಿ ಇಲ್ಲಿಂದಲೇ.) ಎಂಜಿನ್ ಪೂರ್ತಿ ತಣಿದ ಮೇಲೆ ಕೂಲಂಟ್ ಹೋಸ್‌ಗಳಿಗೆ ಕ್ಲ್ಯಾಂಪ್ ಹಾಕಿ ಬಿಚ್ಚಿ. ಗಟ್ಟಿಯಾದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆ ಹಾಕಿಟ್ಟರೆ ಸ್ಟಡ್ ಮುರಿಯುವ ಅಪಾಯ ಕಡಿಮೆ.

ತೊಳೆಯುವಾಗ ಒಂದೊಂದು ಭಾಗಕ್ಕೂ ಕ್ರಮ ಬೇರೆ. ಕೂಲರ್‌ನ ಹೊಗೆ ಹೋಗುವ ಭಾಗದಲ್ಲಿ ತೆಳುವಾದ ತಗಡಿನ ಎಸಳುಗಳಿವೆ. ಕಬ್ಬಿಣದ ಕಡ್ಡಿ ತೂರಿದರೆ ಅವು ಮಡಚಿಕೊಂಡು ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಕೆಳಬಾಯಿಗೆ ರಬ್ಬರ್ ಹಾಳೆ, ತಗಡು ಹಾಕಿ ಬಿಗಿದು, ಲೀಟರಿಗೆ ಸುಮಾರು 100 ಗ್ರಾಂ ಸೋಡಿಯಂ ಪರ್‌ಕಾರ್ಬೊನೇಟ್ (ಬಟ್ಟೆಗೆ ಹಾಕುವ ಆಕ್ಸಿಜನ್ ಬ್ಲೀಚ್ ಪುಡಿ) ಕರಗಿಸಿದ 60–70 ಡಿಗ್ರಿ ಬಿಸಿನೀರು ತುಂಬಿ. ನೊರೆಯುಕ್ಕಿ ಮಸಿ ಮೇಲೆ ಬರುತ್ತದೆ. ಮೇಲಿನ ಬಾಯಿ ತೆರೆದೇ ಇರಬೇಕು, ಮುಚ್ಚಿದರೆ ಗ್ಯಾಸ್ ಒತ್ತಡಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ಎರಡು ಮೂರು ಗಂಟೆಗೊಮ್ಮೆ ಚೆಲ್ಲಿ ಹೊಸ ನೀರು ತುಂಬಿ, ತೊಳೆದ ನೀರು ತಿಳಿಯಾಗುವವರೆಗೆ. ಒಂದು ಬಾಯಿಯಿಂದ ಟಾರ್ಚ್ ಹಿಡಿದರೆ ಇನ್ನೊಂದರಲ್ಲಿ ಎಲ್ಲ ಸಂದುಗಳಿಂದಲೂ ಬೆಳಕು ಕಾಣಬೇಕು.

ಆಮೇಲೆ ಹಲವರು ಬಿಡುವ ಪರೀಕ್ಷೆಯೊಂದಿದೆ. ಕೂಲರ್‌ನ ಒಂದು ಕೂಲಂಟ್ ನಳಿಗೆ ಮುಚ್ಚಿ, ಇನ್ನೊಂದರಿಂದ 15 ಪಿಎಸ್‌ಐನಷ್ಟು ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಒಳಗೆ ಸೀಳಿದೆ. ಅದನ್ನು ಮತ್ತೆ ಹಾಕಿದರೆ ಕೂಲಂಟ್ ನೇರವಾಗಿ ಇನ್‌ಟೇಕ್‌ಗೆ ಹೋಗುತ್ತದೆ, ಕೂಲರ್ ಹೊಸದೇ ಆಗಬೇಕು. ಸರಿಯಿದ್ದರೆ ಗಾಳಿ ಹೊಡೆದು ಪೂರ್ತಿ ಒಣಗಿಸಿ.

ವಾಲ್ವನ್ನು ಅದ್ದಬಾರದು. ಮೋಟಾರು ಮೇಲೆ ಇರುವಂತೆ ಹಿಡಿದು, ಥ್ರಾಟಲ್ ಕ್ಲೀನರ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಮ್ಯಾನಿಫೋಲ್ಡ್ ಪ್ಲಾಸ್ಟಿಕ್. ಸೆನ್ಸರ್ ಬಿಚ್ಚಿಟ್ಟು, ನಾಲ್ಕು ತೂತಿಗೂ ನೈಲಾನ್ ಬ್ರಷ್ ಹಾಕಿ, ಕೊನೆಗೆ ಒಂದೊಂದರಲ್ಲೂ ಸ್ಪ್ರೇ ಹೊಡೆದು ಸರಾಗವಾಗಿ ಹೊರಬರುತ್ತದೆಯೇ ನೋಡಿ. ಗಾಳಿ ಅಳೆಯುವ ಮಾಫ್ ಸೆನ್ಸರಿಗೆ ಅದಕ್ಕೆಂದೇ ಇರುವ ಸ್ಪ್ರೇ ಮಾತ್ರ. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದರೆ ಅದು ಕೆಡುತ್ತದೆ.

ಕೂಡಿಸಿ ಕೂಲಂಟ್ ತುಂಬಿದ ಮೇಲೆ ಅದರೊಳಗಿನ ಗಾಳಿಗುಳ್ಳೆ ಹೊರಹಾಕಲು ಎಂಜಿನ್ ನಿಲ್ಲದೆ ಓಡಬೇಕು. ಅದಕ್ಕೆ ಮೇಂಟೆನೆನ್ಸ್ ಮೋಡ್ ಇದೆ. ಬ್ರೇಕ್ ಒತ್ತದೆ ಪವರ್ ಬಟನ್ ಎರಡು ಸಲ ಒತ್ತಿ ಇಗ್ನಿಷನ್ ಆನ್ ಮಾಡಿ. ‘ಪಿ’ಯಲ್ಲಿ ಆಕ್ಸಿಲರೇಟರ್ ಪೂರ್ತಿ ಎರಡು ಸಲ, ‘ಎನ್’ನಲ್ಲಿ ಎರಡು ಸಲ, ಮತ್ತೆ ‘ಪಿ’ಯಲ್ಲಿ ಎರಡು ಸಲ ತುಳಿದು, ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ. ಎಲ್ಲವೂ ಒಂದು ನಿಮಿಷದೊಳಗೆ. ಹೀಟರ್ ಪೂರ್ತಿ ಇಟ್ಟು ಕೂಲಂಟ್ ಮಟ್ಟ ನೋಡುತ್ತಿರಿ. ಹೀಟರ್ ಗಾಳಿ ಬಿಸಿ ಬರದಿದ್ದರೆ ಗುಳ್ಳೆ ಇನ್ನೂ ಒಳಗಿದೆ. ಆಮೇಲೆ ಕೋಡ್ ಅಳಿಸಿ, ಶಿವಮೊಗ್ಗದವರೆಗಿನ ಸುಮಾರು 60 ಕಿ.ಮೀ. ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿಸಿ. ವಾರಕ್ಕೊಮ್ಮೆ ಅಷ್ಟು ದೂರ ಎಡೆಬಿಡದೆ ಓಡಿಸುವುದು ಮುಂದಕ್ಕೂ ಒಳ್ಳೆಯದು. ಮ್ಯಾನಿಫೋಲ್ಡ್ ಮತ್ತು ಪಿಸಿವಿ ವಾಲ್ವನ್ನು 50,000 ಕಿ.ಮೀ.ಗೊಮ್ಮೆ ಬಿಚ್ಚಿ ನೋಡಿಸಿ.

ಪ್ರಶ್ನೆ: ಎರಡು ವರ್ಷದ ಹೈಬ್ರಿಡ್ ಎಸ್‌ಯುವಿ, 28,000 ಕಿ.ಮೀ. ಆಗಿದೆ. ತೊಂದರೆ ಏನೂ ಇಲ್ಲ. ಹೈಡ್ರೋಜನ್ ಡಿಕಾರ್ಬನೈಸಿಂಗ್ ಮಾಡಿಸಿ ಎನ್ನುತ್ತಿದ್ದಾರೆ. ಮಾಡಿಸಲೇ? (ಓದುಗರು, ಸಾಗರ)

ಉತ್ತರ: ಬೇಡ. ಪೋರ್ಟ್ ಇಂಜೆಕ್ಷನ್ ಎಂಜಿನ್ ಆದರೆ ಪೆಟ್ರೋಲೇ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಬಿದ್ದು ತೊಳೆಯುತ್ತಿರುತ್ತದೆ. ಇಜಿಆರ್ ಕೂಲರ್‌ನಲ್ಲಿ ಗಟ್ಟಿಕಟ್ಟಿದ ಮಸಿಯನ್ನು ಇನ್‌ಟೇಕ್‌ಗೆ ಬಿಡುವ ಗ್ಯಾಸ್ ತಲುಪುವುದಿಲ್ಲ. ಆ ಹಣದಲ್ಲಿ ಎಂಜಿನ್ ಆಯಿಲ್ ಕಂಪನಿ ಹೇಳಿದ ಗ್ರೇಡಿನದೇ ಹಾಕಿಸಿ. ಆಯಿಲ್ ಮಟ್ಟ ಮೇಲಿನ ಗುರುತು ದಾಟದಂತೆ ನೋಡಿಕೊಳ್ಳಿ. ಹೆಚ್ಚಾದ ಎಣ್ಣೆಯೇ ಆವಿಯಾಗಿ ಇನ್‌ಟೇಕ್ ಸೇರುವುದು. ಆಯಿಲ್ ಕ್ಯಾಚ್ ಕ್ಯಾನ್ (ಎಣ್ಣೆಯ ಆವಿ ಇನ್‌ಟೇಕ್ ಸೇರುವ ಮೊದಲೇ ಹಿಡಿದಿಡುವ ಡಬ್ಬಿ) ಹಾಕಿಸುವ ಯೋಚನೆಯಿದ್ದರೆ ವಾರಂಟಿ ಮುಗಿಯುವವರೆಗೆ ತಡೆಯಿರಿ. ಹಾಕಿಸಿದ ಮೇಲೆ ಮಳೆಗಾಲದಲ್ಲಿ ಅದರೊಳಗೆ ಮಜ್ಜಿಗೆಯಂಥ ನೀರು–ಎಣ್ಣೆ ಬೇಗ ತುಂಬುತ್ತದೆ, 1,500 ಕಿ.ಮೀ.ಗೊಮ್ಮೆ ಖಾಲಿ ಮಾಡಿ.

ಪ್ರಶ್ನೆ: ಥ್ರಾಟಲ್ ಬಾಡಿ, ಇಜಿಆರ್ ವಾಲ್ವ್ ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಬೇಗ ಬಿಡುತ್ತದಂತೆ, ಹೌದೇ? (ಓದುಗರು, ಹೊಸನಗರ)

ಉತ್ತರ: ಮಸಿಯ ಜೊತೆಗೆ ಲೋಹವೂ ಬಿಡುತ್ತದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಆಗ ಹೊರಡುವ ಹೈಡ್ರೋಜನ್ ಗ್ಯಾಸಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಈಗಾಗಲೇ ಅದ್ದಿದ್ದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ಒಣಗಿಸಿ, ಗ್ಯಾಸ್ಕೆಟ್ ಕೂರುವ ಮೇಲ್ಮೈಯನ್ನು ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಗುಂಡಿ ಬಿದ್ದಿದ್ದರೆ ಅಥವಾ ಥ್ರಾಟಲ್ ಎಲೆ ಅಂಚಿಗೆ ಸರಿಯಾಗಿ ಕೂರದಿದ್ದರೆ ಆ ಭಾಗವನ್ನು ಬದಲಿಸಿ. ವಾಲ್ವಿನ ಮೋಟಾರಿನೊಳಗೆ ಸೋಡಾ ನೀರು ಇಳಿದಿದ್ದರೆ ಒಣಗಿಸಿದರೂ ಅದನ್ನು ನಂಬಿ ಹಾಕಬೇಡಿ.